ಮಗಳ ಹುದ್ದೆ ಇಳಿಸಿದ ಪತ್ರ

ಕೆನಡಾದಲ್ಲಿ ಕಾಯಂ ನೆಲೆಸುವ ಅರ್ಜಿಗೆ ಮಗಳು ಹೈದರಾಬಾದಿನ ಬಾಲಾನಗರದ ವರ್ಕ್‌ಶಾಪಿನಲ್ಲಿ ಆರು ವರ್ಷ ಲೇತ್ ಯಂತ್ರ ನಡೆಸಿದ ಅನುಭವ ತೋರಿಸಬೇಕಿತ್ತು. ನಾನು ಯಾವ ಕಾಗದವನ್ನೂ ಕಳೆದುಕೊಂಡವಳಲ್ಲ. ಫೈಲಿನಿಂದ ಅನುಭವ ಪತ್ರ ತೆಗೆದುಕೊಟ್ಟೆ. ಅದರಲ್ಲಿ ‘ಮ್ಯಾನೇಜರ್’ ಎಂದಿತ್ತು.

“ಇದನ್ನ ಕಳಿಸಿದ್ರ ಅರ್ಜಿ ಬಿದ್ದುಹೋಗ್ತೇತಿ ಅವ್ವಾ. ನಾ ಮಾಡಿದ ಕೆಲಸಾನ ಬರಸ್ಕೊಂಡು ಬಾ,” ಎಂದಳು.

ವರ್ಕ್‌ಶಾಪಿಗೆ ಹೋದೆ. ನಮ್ಮ ಊರಿನ ಕಡೆಯವರೇ ಆದ ಮಾಲೀಕರು ಪತ್ರ ನೋಡಿ ನಕ್ಕರು.

“ಅಕ್ಕಾರ, ನಾ ಮಷಿನಿಸ್ಟ್ ಅಂತನ ಬರದಿದ್ದೆ. ಗಂಡಿನ ಕಡೆಯವರಿಗೆ ತೋರಸಬೇಕು, ಮ್ಯಾನೇಜರ್ ಅಂತ ಬರೀರಿ ಅಂದವರು ನೀವ ಅಲ್ಲೇನ್ರಿ?”

“ಆ ಗಂಡು ಹೆಂಗೂ ಒಪ್ಪಲಿಲ್ಲ. ಈಗ ಕೆನಡಾ ಒಪ್ಪಬೇಕಾಗೇತಿ. ಖರೇ ಬರೀರಿ.”

ಅವರು ಕೂಡಲೇ ಹೊಸ ಪತ್ರ ಬರೆದು ಠಸ್ಸೆ ಒತ್ತಿದರು. ಮಗಳ ಹುದ್ದೆ ಇಳಿದದ್ದಕ್ಕೆ ಪೇಡಾ ಹಂಚಿದ ತಾಯಿ ಇಡೀ ಹೈದರಾಬಾದಿನಲ್ಲಿ ನಾನೊಬ್ಬಳೇ ಇರಬೇಕು.