ಬೆಳಗಿನ ಜಾವ ಬಾಗಿಲು ತಟ್ಟುವವರು

ಇನ್ನೂ ಬೆಳಕು ಹರಿದಿಲ್ಲ. ಕಾಲೇಜಿನ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ಹೆಂಗಸು ಶಾಲು ಹೊದ್ದು ಕುಳಿತಿದ್ದಾರೆ. ಯಂತ್ರಗಳು ಬಿಸಿಯಾಗದಿರಲೆಂದು ಇಟ್ಟಿರುವ ತಂಪು, ಇವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನ ಮೂಳೆಗೆ ಇಳಿಯುತ್ತಿದೆ. ಕಪ್ಪು ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಬೀಳುತ್ತಿವೆ: ಹೊರಗಿನಿಂದ ಯಾರು ಯಾವ ಪುಟ ಕೇಳಿದರು, ಸಿಕ್ಕಿತೋ ಇಲ್ಲವೋ. ಆಕೆ ಕಾಯುತ್ತಿರುವುದು ಒಂದೇ ಒಂದು ಸಾಲಿಗೆ. ಅದು ಸತ್ತವರೊಬ್ಬರ ಖಾತೆಯ ಬಾಗಿಲು ತಟ್ಟುವ ಸಾಲು.

ವಿದ್ಯಾರ್ಥಿಗಳಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರಿಗೂ ಈಕೆ ಬಾಗಿಲಕ್ಕ. ಇಡೀ ಕಾಲೇಜು ಹಂಚಿಕೊಳ್ಳುವ ಇಲ್ಲಿನ ಯುನಿಕ್ಸ್ ಕಂಪ್ಯೂಟರಿನಲ್ಲಿ ಹೊಸಬರಿಗೆ ಖಾತೆ ತೆರೆಯುವುದು, ಅದರೊಳಗೆ ಜಾಲತಾಣದ ಫೋಲ್ಡರ್ ಮಾಡಿಕೊಡುವುದು, ಯಾರು ಏನನ್ನು ನೋಡಬಹುದೆಂಬ ಅನುಮತಿ ಕೂರಿಸುವುದು ಇವರ ಕೆಲಸ. ವರ್ಷದ ಆರಂಭದಲ್ಲಿ ದಿನಕ್ಕೆ ಮೂವತ್ತು ನಲವತ್ತು ಖಾತೆ. ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಪುಟ ಕಂಡರೆ ಯಾರಿಗೂ ಇವರ ನೆನಪಾಗುವುದಿಲ್ಲ. ಕಾಣದಿದ್ದರೆ ಎಲ್ಲರ ಬಾಯಲ್ಲೂ ಇವರೇ.

“ದಾಟೋ ಅನುಮತಿ ಬೇರೆ, ನೋಡೋ ಅನುಮತಿ ಬೇರೆ,” ಎಂದು ನನ್ನಂಥ ದಡ್ಡನಿಗೆ ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. “ಫೋಲ್ಡರ್‌ಗೆ ದಾಟೋದು ಮಾತ್ರ ಕೊಟ್ರೆ ಅದು ಕತ್ತಲೆ ಕೋಣೆ ಇದ್ದಂಗೆ. ಒಳಗೆ ಹೋಗ್ಬಹುದು, ಏನೇನಿದೆ ಅಂತ ಕಾಣಲ್ಲ. ಹೆಸರು ಗೊತ್ತಿದ್ದು ಕೇಳಿದ್ರೆ ಮಾತ್ರ ಕೈಗೆ ಬರುತ್ತೆ.”

ಅಂಥದೊಂದು ಕತ್ತಲೆ ಕೋಣೆಯನ್ನು ಗಣಿತದ ಮೇಷ್ಟ್ರೊಬ್ಬರು ಕೇಳಿ ಮಾಡಿಸಿಕೊಂಡಿದ್ದರು. ದಿನಾ ಬೆಳಗಿನ ಜಾವ ಇಲ್ಲಿಗೆ ಬಂದು, ಮೂಲೆಯ ಕುರ್ಚಿಯಲ್ಲಿ ಕೂತು ಏನೋ ಬರೆಯುತ್ತಿದ್ದರು. “‘ಹೆಸರು ಗೊತ್ತಿರೋರು ಮಾತ್ರ ಬರ್ಲಿ, ಬಾಗಿಲಕ್ಕ’ ಅಂದಿದ್ರು. ಒಂದಿನ ಅವರೇ ಬರ್ಲಿಲ್ಲ. ನಿದ್ದೇಲೇ ಹೋಗ್ಬಿಟ್ರಂತೆ.”

ಅವರು ತೀರಿಕೊಂಡ ವಾರದಲ್ಲೇ, ಅವರು ಬಂದು ಕೂರುತ್ತಿದ್ದ ಅದೇ ಹೊತ್ತಿಗೆ, ಯಾರೋ ಹೊರಗಿನಿಂದ ಆ ಕತ್ತಲೆ ಫೋಲ್ಡರಿಗೆ ಬಂದು ತಡಕಾಡತೊಡಗಿದರು. ದಿನಕ್ಕೊಂದೇ ಫೈಲಿನ ಹೆಸರು ಕೇಳುವುದು. ಒಂದು ದಿನ ‘ಚಿನ್ನುಮರಿ’. ಇನ್ನೊಂದು ದಿನ ‘ಬೆಲ್ಲದಚ್ಚು’. ಮತ್ತೊಂದು ದಿನ ಬೆಕ್ಕಿನದೋ ನಾಯಿಯದೋ ಹೆಸರು. ಪ್ರತಿ ಸಲವೂ ಯಂತ್ರದ ಉತ್ತರ, ‘ಅಂಥದ್ದು ಇಲ್ಲಿಲ್ಲ’.

“ಮೊದಲ್ನೇ ದಿನ ಮೇಷ್ಟ್ರೇ ಬಂದ್ರು ಅಂತ ಎದೆ ಧಸಕ್ ಅಂತು. ಆ ಕುರ್ಚಿ ಕಡೆ ತಿರುಗಿ ನೋಡೋಕೂ ಆಗ್ಲಿಲ್ಲ,” ಎಂದು ಬಾಗಿಲಕ್ಕ ಮೂಲೆಗೆ ಕೈ ತೋರಿಸುತ್ತಾರೆ. ನಾನು ಕೂತಿರುವುದು ಅದೇ ಕುರ್ಚಿಯಲ್ಲಿ. ಮೆಲ್ಲಗೆ ಎದ್ದು ಗೋಡೆಗೆ ಒರಗಿ ನಿಲ್ಲುತ್ತೇನೆ.

ಮನೆಯಲ್ಲಿ ಇವರ ಮುದಿ ತಾಯಿ ದಿನಾ ಬೈಯುತ್ತಾರಂತೆ: “ಕತ್ತಲಲ್ಲಿ ಎದ್ದು ಓಡ್ತೀಯಲ್ಲೇ, ಅಲ್ಲೇನು ದೆವ್ವ ಕಾಯ್ತಿರುತ್ತಾ?”

ಕಳೆದ ವಾರ ಬಂದ ಹೆಸರು ‘ಗುಬ್ಬಿಮೂಗಿ’. ಆ ದಿನ ಉತ್ತರವೇ ಬದಲಾಯಿತು: ‘ನಿಮಗೆ ಅನುಮತಿ ಇಲ್ಲ’. ಅಂದರೆ ಆ ಹೆಸರಿನ ಫೈಲ್ ಒಳಗಿದೆ, ಆದರೆ ಓದಲು ಬಿಡುತ್ತಿಲ್ಲ. ಬಾಗಿಲಕ್ಕನಿಗೆ ಆಗ ಹೊಳೆಯಿತು, ಮೇಷ್ಟ್ರು ಫೋನಿನಲ್ಲಿ ಮಗಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಮಗಳಿಗೆ ಫೋಲ್ಡರಿನ ವಿಳಾಸವನ್ನೂ ತಾವು ಬರೆಯಲು ಕೂರುವ ಹೊತ್ತನ್ನೂ ಹೇಳಿ, ಫೈಲಿನ ಹೆಸರು ಹೇಳುವ ಮೊದಲೇ ಅವರು ಹೋಗಿಬಿಟ್ಟಿದ್ದಾರೆ. ಮರುದಿನದಿಂದ ಯಾರೂ ಬಾಗಿಲು ತಟ್ಟಲಿಲ್ಲ.

“ಅಪ್ಪಾನೇ ಬೇಡ ಅಂದ್ರು ಅಂದ್ಕೊಂಡಿರುತ್ತೆ ಆ ಮಗು,” ಎನ್ನುವಾಗ ಅವರ ದನಿ ಇಳಿಯುತ್ತದೆ. “ಅವರಂದಿದ್ದಲ್ಲ, ನಾನಂದಿದ್ದು.” ಯಾರು ಏನೇ ಹೊಸದಾಗಿ ಬರೆದರೂ, ಅವರಾಗಿ ತೆರೆಯುವ ತನಕ ಬೇರೆಯವರಿಗೆ ಕಾಣಬಾರದು. ಖಾತೆ ತೆರೆಯುವಾಗಲೇ ಬಾಗಿಲಕ್ಕ ಎಲ್ಲರಿಗೂ ಹಾಗೆ ಕೂರಿಸಿಕೊಡುತ್ತಾರೆ, ಒಳ್ಳೆಯದಕ್ಕೇ. ಮೇಷ್ಟ್ರು ಬರೆದರು, ಉಳಿಸಿದರು, ತೆರೆಯಲು ಮರೆತರು. ಹೊಸಬರೆಲ್ಲ ಎಡವುವ ಕಲ್ಲು ಅದು.

ಮಗಳು ಎಲ್ಲಿದ್ದಾಳೆಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಮೇಷ್ಟ್ರ ಬಾಡಿಗೆ ಮನೆ ಖಾಲಿಯಾಗಿದೆ. ತೀರಿಕೊಂಡವರ ಖಾತೆಗಳನ್ನು ಈ ಶನಿವಾರ ಅಳಿಸಬೇಕೆಂದು ಮೇಲಿನವರ ಆದೇಶ. ಬೇರೆಯವರ ಫೈಲಿನ ಅನುಮತಿಯನ್ನು ಬಾಗಿಲಕ್ಕ ಒಮ್ಮೆಯೂ ಮುಟ್ಟಿದವರಲ್ಲ. ಮೊನ್ನೆ ಮೊದಲ ಸಲ ಮುಟ್ಟಿದರು. “ಹೆಸರು ಗೊತ್ತಿರೋರು ಬರ್ಲಿ ಅಂತ ಅವರೇ ತಾನೇ ಹೇಳಿದ್ದು? ಬಂದ್ಲಲ್ಲ!” ಎಂದು ಜಗಳಕ್ಕೆ ಬಂದವರಂತೆ ನನ್ನನ್ನು ದಿಟ್ಟಿಸುತ್ತಾರೆ. ತೆರೆದದ್ದೇನೋ ಆಯಿತು, ಬರಬೇಕಾದವಳು ಬರಬೇಕಲ್ಲ.

ಇಂದು ಶುಕ್ರವಾರ. ಮೇಲಿನ ಕಿಂಡಿಯ ಗಾಜು ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಫ್ಯಾನುಗಳ ಗುಂಯ್ ಸದ್ದಿನಲ್ಲಿ ನನಗೆ ಯಾರೋ ಉಸಿರಾಡಿದಂತೆ ಕೇಳಿಸುತ್ತದೆ. ಅಷ್ಟರಲ್ಲಿ ಬಾಗಿಲಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿಯುತ್ತಾರೆ.

ಗುಬ್ಬಿಮೂಗಿ.

ಸಾಲಿನ ತುದಿಯಲ್ಲಿ ಈ ಸಲ ‘ಕೊಟ್ಟಾಯಿತು’ ಎಂದಿದೆ.

“ಏನಿತ್ತು ಅದರಲ್ಲಿ?” ಎಂದು ಕೇಳುತ್ತೇನೆ.

“ನಂಗೇನ್ ಗೊತ್ತು? ನಂಗೆ ಬರ್ದಿದ್ದಾ ಅದು?” ಎಂದು ರೇಗಿ, ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. “ನಾಳೆ ಅಳಿಸ್ಬಹುದು ಬಿಡಿ. ಸೇರ್ಬೇಕಾದೋರನ್ನ ಸೇರ್ತು.”

ಹೊರಡುವ ಮುನ್ನ ಅವರು ಮೂಲೆಯ ಕುರ್ಚಿಯನ್ನು ಮೇಜಿನಡಿಗೆ ಮೆಲ್ಲಗೆ ತಳ್ಳುತ್ತಾರೆ. ನಾನು ಪಕ್ಕದಲ್ಲಿರುವುದು ಮರೆತೇಹೋದಂತಿದೆ.

“ನಿಮ್ಮ ಬಾಗಿಲು ಸರಿಯಾಗೇ ಇತ್ತು, ಮೇಷ್ಟ್ರೇ. ಚಿಲಕ ನಂದು. ತೆಗ್ದಿದ್ದೀನಿ.”