ಬಾಯಲ್ಲಿ ಆರು, ಪುಸ್ತಕದಲ್ಲಿ ಎಷ್ಟು?

ನಮ್ಮಕ್ಕ ಟೈಲರ್. ಇಪ್ಪತ್ತಾರು ವರ್ಷದಿಂದ ಊರ ಹೆಂಗಸರ ಸೊಂಟ ಅಳೆದವಳು. ಟೇಪು ನಲವತ್ತು ತೋರಿಸಿದರೆ ಬಾಯಲ್ಲಿ "ಮೂವತ್ತಾರು" ಅನ್ನುತ್ತಾಳೆ, ಪುಸ್ತಕದಲ್ಲಿ ಮಾತ್ರ ನಲವತ್ತು ಎಂದೇ ಬರೆಯುತ್ತಾಳೆ. ಗಿರಾಕಿಗೂ ಖುಷಿ, ಬಟ್ಟೆಯೂ ಸರಿಯಾಗಿ ಕೂರುತ್ತದೆ. ಇಂಥ ಸುಳ್ಳಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನನ್ನ ಗ್ರಹಚಾರ.

ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಅದು ಬಿದ್ದೇಹೋಗುತ್ತದೆಂದು ಅವಳಿಗೆ ನಿದ್ದೆಯಿಲ್ಲ. ಡಾಕ್ಟರಮ್ಮ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, "ಮೂರು, ಮೂರು, ನಾಲ್ಕು... ಇಲ್ಲಿ ಆರು" ಎಂದು ಮಿಲಿಮೀಟರ್ ಲೆಕ್ಕ ಹೇಳಿದರು, ನರ್ಸ್ ಬರೆದುಕೊಂಡಳು.

"ಮೂರಾದ್ರೆ ಪರವಾಗಿಲ್ಲ. ಆರು ಅಂದ್ರೆ ವಸಡು ಹಲ್ಲನ್ನ ಬಿಟ್ಟಿದೆ. ಆಳಕ್ಕೆ ಕ್ಲೀನ್ ಮಾಡಿ ಮದ್ದು ಹಾಕಿದ್ರೆ ಹಲ್ಲು ಉಳಿಯುತ್ತೆ. ನಾಳೆ ಬನ್ನಿ."

ಹೊರಗೆ ಬಂದದ್ದೇ ಅಕ್ಕ ಮೆಟ್ಟಿಲ ಮೇಲೆ ಕುಸಿದಳು. "ಮುಗೀತು ಕಣೇ. ಬಾಯಲ್ಲಿ ಆರು ಅಂದ್ರು ಅಂದ್ಮೇಲೆ ಬರ್ಕೊಂಡಿರೋದು ಹತ್ತು! ಸುಮ್ನೆ ನನ್ನ ಸಮಾಧಾನಕ್ಕೆ ಹೇಳಿದ್ದಾರೆ. ನಾಳೆ ನಾನು ಬರಲ್ಲ."

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ! ಎಲ್ರೂ ನಿನ್ನ ಥರಾನೇ ಅಂದ್ಕೊಂಡ್ಯಾ?" ಎಂದು ರೇಗಿದೆ. ಮರುದಿನ ಕೆಲಸದ ನೆಪ ಹೇಳದಂತೆ ಅವಳ ಕತ್ತರಿ ಬಚ್ಚಿಟ್ಟು ಎಳೆದುಕೊಂಡೇ ಹೋದೆ.

ಕುರ್ಚಿಯಲ್ಲಿ ಕೂತವಳು ಚೌಕಾಸಿ ಶುರುವಿಟ್ಟಳು. "ಕೆರೆಯೋದು ಬೇಡ ಡಾಕ್ಟ್ರಮ್ಮ, ಮದ್ದೊಂದೇ ಹಾಕ್ಬಿಡಿ."

"ಕೊಳೆ ಬಟ್ಟೆ ಒಗೀದೇ ಇಸ್ತ್ರಿ ಹಾಕ್ತೀರೇನಮ್ಮ?"

ಅಕ್ಕ ತೆಪ್ಪಗೆ ಬಾಯಿ ತೆರೆದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಕಲ್ಲಾಗಿದ್ದ ಪಾಚಿಯನ್ನೆಲ್ಲ ಕೆರೆದು, ಆ ಆರರ ಜಾಗಕ್ಕೆ ಆಂಟಿಬಯೋಟಿಕ್ ಜೆಲ್ ತುಂಬಿದರು. "ಒಂದು ವಾರ ಅಲ್ಲಿ ಮುಟ್ಟಬೇಡಿ. ಹಲ್ಲಲ್ಲಿ ದಾರ ಕಡೀತೀರಂತೆ, ತಂಗಿ ಹೇಳಿದ್ರು. ಅದು ಬೇಡವೇ ಬೇಡ." ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

ಮೂರು ತಿಂಗಳಾದ ಮೇಲೆ ಮತ್ತೆ ಅಳೆದರು. "ನಾಲ್ಕು. ಅಲ್ಲಾಡೋದೂ ಎಷ್ಟೋ ಕಮ್ಮಿಯಾಗಿದೆ."

ಅಕ್ಕ ಕುರ್ಚಿಯಿಂದ ಜಿಗಿದು ನರ್ಸ್ ಕೈಯಿಂದ ಹಾಳೆ ಕಿತ್ತುಕೊಂಡಳು. ಹಿಂದಿನ ಸಾಲಿನಲ್ಲಿ ಆರು ಎಂದೇ ಇತ್ತು, ಈಗಿನದರಲ್ಲಿ ನಾಲ್ಕು.

"ಅಯ್ಯೋ, ಹೇಳಿದ್ದನ್ನೇ ಬರೆದಿದ್ದೀರಲ್ರೀ!" ಎಂದವಳು ನನ್ನನ್ನು ತಬ್ಬಿಕೊಂಡಳು. "ನೀನು ಎಳ್ಕೊಂಡು ಬರದಿದ್ರೆ ಹಲ್ಲು ಕಳ್ಕೋತಿದ್ದೆ ಕಣೇ." ನನಗೂ ಅಳು ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಳ್ಳುವಾಗ ಒಂದು ಅನುಮಾನ ಹುಟ್ಟಿತು. "ಅಲ್ವೇ, ನನ್ನ ಸೊಂಟ ಮೂವತ್ತೆರಡು ಅಂತಿದ್ಯಲ್ಲ, ಪುಸ್ತಕದಲ್ಲಿ ಎಷ್ಟು ಬರ್ದಿದ್ದೀಯ?"

ಅಕ್ಕ ಹಲ್ಲು ಕಿಸಿದಳು. ಒಂದೂ ಕಮ್ಮಿ ಇರಲಿಲ್ಲ.