ನನ್ನ ಮುತ್ತಜ್ಜಿಯ ಹೆಸರು

ಟೆಕ್ಸಸ್‌ನ ಪ್ಲೇನೋ ಊರಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಲಿಂಡಾಗೆ ಒಂದೇ ಹುಚ್ಚು. ಜರ್ಮನಿಯಿಂದ ಟೆಕ್ಸಸ್‌ಗೆ ಬಂದ ತನ್ನ ಹಿರೀಕರನ್ನು ಹುಡುಕುವುದು. ಕೆಲಸದ ಮೇಲೆ ಇಬ್ಬರೂ ಆಸ್ಟಿನ್‌ಗೆ ಹೋಗಿದ್ದಾಗ, ವಾಪಸ್ ಬರುತ್ತಾ ಕಾರನ್ನು ಒಂದು ಹಳೇ ಸ್ಮಶಾನದ ಕಡೆ ತಿರುಗಿಸಿದಳು. ಸುಡುಬಿಸಿಲಲ್ಲಿ ಬಗ್ಗಿ ಬಗ್ಗಿ ಸಮಾಧಿಗಳ ಕಲ್ಲು ಒರೆಸಿ ಓದತೊಡಗಿದಳು.

ನಾನು ನೆರಳಲ್ಲಿ ನಿಂತು ಕೊಚ್ಚಿಕೊಂಡೆ: "ನಮ್ಮಲ್ಲಿ ಈ ಒದ್ದಾಟವೇ ಇಲ್ಲ. ಗೋತ್ರ ಅಂತ ಒಂದಿದೆ. ನಮ್ಮ ವಂಶ ಯಾವ ಋಷಿಯಿಂದ ಶುರುವಾಯ್ತು ಅಂತ ನಿದ್ದೇಲೂ ಹೇಳ್ತೀನಿ."

ಪಾಪ, ಅವಳು ಬೆರಗಾದಳು. ಅಷ್ಟರಲ್ಲಿ ಅವಳ ಮುತ್ತಜ್ಜಿಯ ತಾಯಿಯ ಕಲ್ಲು ಸಿಕ್ಕಿತು. ಹೆಸರು, ಹುಟ್ಟಿದ ಊರು, ತವರುಮನೆ ಎಲ್ಲ ಕೆತ್ತಿತ್ತು. ಕಣ್ಣೊರೆಸಿಕೊಂಡು ಕೇಳಿದಳು: "ನಿನ್ನ ಮುತ್ತಜ್ಜಿ ಹೆಸರೇನು?"

ಬಾಯಿಗೆ ಋಷಿ ಬಂದರು, ಅಜ್ಜಿ ಬರಲಿಲ್ಲ. ಪೇರ್ಲ್ಯಾಂಡಿನ ತಂಗಿ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ.

"ನಮ್ಮಜ್ಜೀದಾ? ಎಲ್ರೂ ಮಡಿ ಅಜ್ಜಿ ಅಂತಿದ್ವಪ್ಪ. ಹತ್ರ ಹೋದ್ರೆ ಸಾಕು, 'ಮಡೀಲಿದೀನಿ, ಮುಟ್ಟಬೇಡ' ಅಂತ ಕೂಗೋರು. ಹೆಸರು ಕೇಳೋ ಧೈರ್ಯ ಯಾರಿಗಿತ್ತು? ಅದಿರ್ಲಿ, ಊಟ ಆಯ್ತಾ?"

ಲಿಂಡಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಮಡಿ" ಅಂದುಬಿಟ್ಟೆ.

"ಎಷ್ಟು ಮುದ್ದಾದ ಹೆಸರು!" ಅಂದಳು. ಅರ್ಥ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ಲಿಂಡಾಗೆ ಹೆಣ್ಣು ಮಗುವಾಯಿತು. ನನ್ನ ಮುತ್ತಜ್ಜಿಯ ಹೆಸರನ್ನೇ ಇಟ್ಟಿದ್ದಾಳೆ. ಮಗು ನೋಡಲು ಹೋದ ಆಫೀಸಿನವರೆಲ್ಲ ಮಡಿಯನ್ನು ಎತ್ತಿ ಮುದ್ದಾಡಿದರು. ನಾನೊಬ್ಬ ಮಾತ್ರ ಕೈಕಟ್ಟಿಕೊಂಡು ದೂರವೇ ನಿಂತಿದ್ದೆ.